ಬೆಳ್ಳೂರಿನ ಕೊಕ್ಕರೆಗಳೂ ನಮ್ಮ ಹಳೆಯ ಲೆನ್ಸೂ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಮದ್ದೂರಿನಲ್ಲಿ ನಿಂತಿತೆಂದರೆ ಬಹುಮಂದಿ ಪ್ರಯಾಣಿಕರಿಗೆ ಮೊದಲು ನೆನಪಾಗುವುದು ವಡೆ. ನಮಗೂ ಬಹುಕಾಲ ಹಾಗೆಯೇ ಇದ್ದಿತು. ಈಚೆಗೆ ಮಾತ್ರ ಮದ್ದೂರೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಒಂದು ದೊಡ್ಡ ಹುಣಸೆಯ ಮರ, ಅದರ ತುದಿಯಲ್ಲಿ ಗೂಡುಕಟ್ಟಿದ ಹಕ್ಕಿಗಳು, ಅದರ ಬುಡದಲ್ಲಿ ನಿಂತು ನಮ್ಮನ್ನು ಗದರಿಸಿದ ಒಬ್ಬ ಗೃಹಿಣಿ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳನ್ನು ಗದರಿಸಿಯೇ ಸಂಸಾರ ಸಾಗಿಸಿದ ನಮಗೆ, ನಿವೃತ್ತರಾದ ಮೇಲೆ ದೊರೆತ ಆ ಒಂದು ಗದರಿಕೆಯಿಂದ ಆದ ಉಪಕಾರ ಸಾಮಾನ್ಯವಾದುದಲ್ಲ. ಅದರ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ. ನಡುವೆ ಒಂದು ಹಳೆಯ ಲೆನ್ಸಿನ ಕಥೆಯೂ ಬರುತ್ತದೆ, ವಾಚಕರು ಬೇಸರಿಸಬಾರದು.

ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಹಳ್ಳಿ. ಬೆಂಗಳೂರಿನ ಕಡೆಯಿಂದ ಬರುವವರು ಚನ್ನಪಟ್ಟಣವನ್ನು ದಾಟಿ, ಮದ್ದೂರು ಸಿಕ್ಕುವುದಕ್ಕೆ ಮುಂಚೆ ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು, ಸುಮಾರು 12 ಕಿಲೋಮೀಟರು ಒಳಕ್ಕೆ ಹೋಗಬೇಕು. ನಾವು ಮೈಸೂರಿನವರಾದುದರಿಂದ ಮದ್ದೂರಿನಲ್ಲಿ ರೈಲಿಳಿದು ಆಟೋ ಹಿಡಿದು ಹೋದೆವು. ಶಿಂಷಾ ನದಿ ಊರಿಗೆ ದೂರವಿಲ್ಲ, ಸುತ್ತುಮುತ್ತ ಕೆರೆಗಳುಂಟು. ಕಬ್ಬಿನ ಗದ್ದೆ, ರಾಗಿಯ ಹೊಲ, ತೆಂಗಿನ ಸಾಲು, ಹಂಚಿನ ಮನೆ, ತಾರಸಿಯ ಮನೆ, ಬೀದಿಯಲ್ಲಿ ಕಟ್ಟಿದ ಎತ್ತು, ಎಲ್ಲವೂ ಆ ಸೀಮೆಯ ಬೇರೆ ಹಳ್ಳಿಗಳಲ್ಲಿರುವಂತೆಯೇ.

ಆದರೆ ತಲೆಯೆತ್ತಿ ನೋಡಿದರೆ ಇದು ಬೇರೆಯ ಊರೆಂಬುದು ತಿಳಿಯುತ್ತದೆ. ಮನೆಗಳ ನಡುವೆ ಬೆಳೆದ ಹುಣಸೆ, ಅರಳಿ, ಗೋಣಿ ಮರಗಳ ಮೇಲೆ ವರ್ಷವರ್ಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡುಕಟ್ಟುತ್ತವೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಬರತೊಡಗಿ, ಮೊಟ್ಟೆಯಿಟ್ಟು ಮರಿಮಾಡಿ, ಮುಂಗಾರಿನ ಹೊತ್ತಿಗೆ ಮರಿಗಳ ಸಮೇತ ಹೊರಟುಹೋಗುತ್ತವೆ. ಕಾಡಿನಲ್ಲಲ್ಲ, ನಡುಗಡ್ಡೆಯಲ್ಲಲ್ಲ, ದನ ಕರು ಕೋಳಿ ಮಕ್ಕಳಿಂದ ತುಂಬಿದ ಊರಿನ ನಡುಮಧ್ಯದಲ್ಲಿ! ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಇದನ್ನು ಕಂಡು ಹೊರಗಿನ ವಿದ್ವಾಂಸರಿಗೆ ತಿಳಿಸಿದರು. ಊರಿನವರಿಗಾದರೋ ಇದು ಹೊಸ ಸಂಗತಿಯಾಗಿರಲಿಲ್ಲ. ಅಜ್ಜಂದಿರ ಕಾಲದಿಂದಲೂ ಈ ಹಕ್ಕಿಗಳು ತವರಿಗೆ ಹೆರಿಗೆಗೆ ಬರುವ ಹೆಣ್ಣುಮಕ್ಕಳೆಂದೇ ಅವರ ಎಣಿಕೆ. ಹಕ್ಕಿಗಳ ಹಿಕ್ಕೆಯನ್ನು ಮರದ ಬುಡದಲ್ಲಿ ಗುಂಡಿ ತೋಡಿ ಕೂಡಿಟ್ಟು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಗೂಡುಗಳಿಂದ ಹುಣಸೆಯ ಫಸಲಿಗೆ ನಷ್ಟವಾಗುವುದರಿಂದ ಮರದ ಒಡೆಯರಿಗೆ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡನ್ನು ಮಾಡಿದರು. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು.

ನಾವು ಮೊದಲನೆಯ ಸಲ ಅಲ್ಲಿಗೆ ಹೋದದ್ದು 2024ನೆಯ ಇಸವಿ ಫೆಬ್ರವರಿಯಲ್ಲಿ. ಹೋದದ್ದಕ್ಕೆ ಕಾರಣ ಹಕ್ಕಿಗಳಿಗಿಂತ ಹೆಚ್ಚಾಗಿ ಕ್ಯಾಮೆರಾ. ನಮ್ಮ ತಂಗಿಯ ಮಗನು ತಾನು ಹೊಸದೊಂದನ್ನು ಕೊಂಡುದರಿಂದ ತನ್ನ ಹಳೆಯ ನಿಕಾನ್ ಕ್ಯಾಮೆರಾವನ್ನು ನಮಗೆ ಒಪ್ಪಿಸಿ, “ಮಾವ, ಇನ್ನು ಮೇಲೆ ನಿಮಗೆ ಹೊತ್ತು ಹೋಗುವುದಿಲ್ಲ ಎನ್ನುವ ಮಾತೇ ಇಲ್ಲ” ಎಂದು ಹೇಳಿ ಹೋಗಿದ್ದನು. ಅದರ ಮೂತಿಯಲ್ಲಿದ್ದದ್ದು ಕ್ಯಾಮೆರಾ ಕೊಂಡಾಗ ಜೊತೆಯಲ್ಲಿಯೇ ಕೊಡುವ ಚಿಕ್ಕ ಲೆನ್ಸು. ಬಲ್ಲವರು ಇದನ್ನು ಕಿಟ್ ಲೆನ್ಸ್ ಎನ್ನುತ್ತಾರೆ. ಅದರ ಮೇಲೆ 18–55 ಎಂದು ಬರೆದಿತ್ತು. ಆ ಅಂಕಿಗಳ ಅರ್ಥ ಆಗ ನಮಗೆ ತಿಳಿಯದು. ಮನೆಯವರ ಮುಖ, ತುಳಸೀಕಟ್ಟೆ, ಮೊಮ್ಮಗುವಿನ ನಾಮಕರಣ, ಚಾಮುಂಡಿಬೆಟ್ಟದ ಮೆಟ್ಟಿಲು, ಇವೆಲ್ಲ ಅದರಲ್ಲಿ ಚೆನ್ನಾಗಿಯೇ ಬಂದವು. ಹೀಗಿರಲಾಗಿ ಹಕ್ಕಿಗಳೇನು ಮಹಾ ಎಂದು ನಮಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಊರನ್ನು ಹೊಕ್ಕಾಗ ಬೆಳಗಿನ ಒಂಬತ್ತು ಗಂಟೆ. ಮೊದಲು ಬಂದದ್ದು ಸದ್ದು. ದೊಡ್ಡ ಹೆಜ್ಜಾರ್ಲೆಗಳು ಬಹುಮಟ್ಟಿಗೆ ಮೌನಿಗಳು. ಅವುಗಳ ಮರಿಗಳು ಮಾತ್ರ ಹಸಿವೆಂದು ಬೊಬ್ಬೆಯಿಡುತ್ತವೆ. ಬಣ್ಣದ ಕೊಕ್ಕರೆಗಳು ಕೊಕ್ಕಿನ ಎರಡು ಭಾಗಗಳನ್ನು ಒಂದಕ್ಕೊಂದು ಬಡಿದು ಚಿಟಿಕೆಯ ಹಾಗೆ ಟಕಟಕನೆ ಸದ್ದುಮಾಡುತ್ತವೆ. ಮೀನಿನ ವಾಸನೆಯೂ ಹಿಕ್ಕೆಯ ವಾಸನೆಯೂ ಬೀದಿಯನ್ನೆಲ್ಲ ತುಂಬಿತ್ತು. ಹಂಚುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಮರದ ಕೆಳಗೆ ಒಬ್ಬಾಕೆ ಏನೂ ಆಗಿಲ್ಲವೆಂಬಂತೆ ಅಕ್ಕಿ ಆರಿಸುತ್ತಿದ್ದಳು.

ಗೂಡುಗಳಿಂದ ಮರಿಗಳು ಆಗಾಗ್ಗೆ ಕೆಳಗೆ ಬೀಳುವುದುಂಟು. ಬಿದ್ದ ಮರಿಯನ್ನು ತಾಯಿಹಕ್ಕಿ ಇಳಿದು ಬಂದು ಸಾಕುವುದಿಲ್ಲ. ನಾಯಿಯ ಬಾಯಿಗೋ ಹಸಿವಿಗೋ ಅದು ತುತ್ತಾಗಬೇಕು. ಆದುದರಿಂದ ಮೈಸೂರಿನ ನಿಸರ್ಗಾಸಕ್ತರೂ ಊರಿನ ತರುಣರ ‘ಹೆಜ್ಜಾರ್ಲೆ ಬಳಗ’ದವರೂ ಅಂತಹ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಪದ್ಧತಿಯನ್ನು ಬೆಳೆಸಿದ್ದಾರೆ. ಹಳ್ಳಿಯವರ ಈ ಔದಾರ್ಯವನ್ನು ಕೇಳಿ ನಾವು ತಲೆದೂಗಿದೆವು. ಆದರೆ ಕೇಳಿದ್ದು ಕಿವಿಯಲ್ಲಿ ನಿಂತಿತೇ ಹೊರತು ನಡತೆಗೆ ಇಳಿಯಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಏಕೆಂದರೆ ನಮಗೆ ಆಗಲೇ ಸಿಟ್ಟು ಬಂದಿತ್ತು. ಮರದ ಕಡೆಗೆ ಕ್ಯಾಮೆರಾ ತಿರುಗಿಸಿ ಗುಂಡಿಯೊತ್ತಿ ನೋಡಿದರೆ, ಹಿಂಬದಿಯ ಪರದೆಯಲ್ಲಿ ಮರವಿದೆ, ಆಕಾಶವಿದೆ, ವಿದ್ಯುತ್ ತಂತಿಯಿದೆ. ಹೆಜ್ಜಾರ್ಲೆ ಮಾತ್ರ ಎಳ್ಳಿನ ಕಾಳಿನಷ್ಟಿದೆ! ಒಂದೂಕಾಲು ಮೀಟರಿಗೂ ಮೀರಿ ಉದ್ದವಾದ ಹಕ್ಕಿ ಅದು. ಲೆನ್ಸಿನ ಬಳೆಯನ್ನು ಕೊನೆಮುಟ್ಟ ತಿರುಗಿಸಿದೆವು. ಎಳ್ಳು ಅವರೆಕಾಳಾಯಿತು, ಅಷ್ಟೇ. ಹತ್ತಿರ ಹೋಗಬೇಕು, ಇನ್ನೂ ಹತ್ತಿರ ಹೋಗಬೇಕು ಎಂಬ ಒಂದೇ ಹಟ ತಲೆಗೇರಿತು.

ಹುಣಸೆಯ ಮರಕ್ಕೆ ತಗುಲಿದಂತೆ ಒಂದು ತಾರಸಿಯ ಮನೆ. ಹೊರಗಡೆಯೇ ಮೆಟ್ಟಿಲು. ಬಾಗಿಲಲ್ಲಿ ಒಬ್ಬ ಚಿಕ್ಕ ಹುಡುಗನಿದ್ದನು, “ಮೇಲೆ ಹೋಗಲೇನಪ್ಪ?” ಎಂದು ಕೇಳಿ, ಅವನು ಉತ್ತರ ಕೊಡುವುದರೊಳಗಾಗಿ ಹತ್ತಿದೆವು. ಗೂಡು ಹತ್ತು ಹನ್ನೆರಡು ಮೊಳದ ಅಂತರದಲ್ಲಿತ್ತು. ಕ್ಯಾಮೆರಾ ಎತ್ತಿದೆವೋ ಇಲ್ಲವೋ, ಗೂಡಿನ ಮೇಲೆ ಕುಳಿತಿದ್ದ ಹೆಜ್ಜಾರ್ಲೆ ಎದ್ದು ನಿಂತಿತು. ಪಕ್ಕದ ಗೂಡಿನದೂ ಎದ್ದಿತು. ಒಂದು ಭಾರಿಯ ರೆಕ್ಕೆಯ ಸದ್ದು; ಎರಡೂ ಹಾರಿಹೋದವು. ಬರಿಯ ಗೂಡಿನಲ್ಲಿ ಬಿಸಿಲಿಗೆ ಬಿದ್ದ ಮರಿಗಳು ಹೆದರಿ ಹಿಂದಕ್ಕೆ ಸರಿದವು. ಒಂದು ಮರಿಯ ಹಿಂಗಾಲು ಗೂಡಿನ ಅಂಚನ್ನು ಮೀರಿ ಹೊರಗೆ ಜಾರಿತು. ಅದು ಎಳೆಯ ರೆಕ್ಕೆಗಳನ್ನು ಬಿಚ್ಚಿ ಒಂದು ಕ್ಷಣ ಆ ಕಡೆ ಈ ಕಡೆ ತೂಗಾಡಿತು. ಕೆಳಗೆ ಕಲ್ಲುಚಪ್ಪಡಿ. ನಾವು ಉಸಿರುಬಿಡಲಿಲ್ಲ. ಚಿತ್ರವನ್ನೂ ತೆಗೆಯಲಿಲ್ಲ.

ಮರಿ ಬೀಳಲಿಲ್ಲ; ದೈವ ದೊಡ್ಡದು. ಆದರೆ ಕೆಳಗಿನಿಂದ ಒಂದು ಧ್ವನಿ ಬಂದಿತು: “ಇಳೀರಿ ಸ್ವಾಮಿ ಕೆಳಕ್ಕೆ! ಹೆರಿಗೆಗೆ ಬಂದ ಹೆಣ್ಮಕ್ಕಳ ಕೋಣೆಗೆ ಹಿಂಗೆ ನುಗ್ತಾರಾ?”

ಅಕ್ಕಿ ಆರಿಸುತ್ತಿದ್ದವಳು ಆಕೆಯೇ. ಮೊರವನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ನಾವು ಇಳಿದು ಬಂದು, “ತಪ್ಪಾಯಿತು ತಾಯಿ” ಎಂದೆವು. ಆಕೆ ಮತ್ತೇನೂ ಹೇಳಲಿಲ್ಲ. ಮರದ ಕಡೆಗೇ ನೋಡುತ್ತಿದ್ದಳು. ಕಾಲುಗಂಟೆಯ ಮೇಲೆ ಹಕ್ಕಿಗಳೆರಡೂ ಒಂದರ ಹಿಂದೊಂದು ಬಂದು ಗೂಡಿನಲ್ಲಿ ಇಳಿದ ಮೇಲೆಯೇ ಆಕೆ ಮೊರವನ್ನು ಕೆಳಗಿಟ್ಟು ಮತ್ತೆ ಕುಳಿತಳು. ನಾವೂ ಅಲ್ಲಿಯವರೆಗೆ ನಿಂತೇ ಇದ್ದೆವು. ಆ ದಿನ ಮದ್ದೂರಿನ ನಿಲ್ದಾಣದಲ್ಲಿ ವಡೆಯ ಕಡೆಗೆ ನಮ್ಮ ಮನಸ್ಸು ಹರಿಯಲಿಲ್ಲ.

ರೈಲಿನಲ್ಲಿ ಕುಳಿತಾಗ, ಹಿಂದೆ ಓದಿದ ಒಂದು ಪಾಠ ನೆನಪಿಗೆ ಬಂದಿತು. ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ, ಇರುವ ವಸ್ತುವೂ ನಮಗೆ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅತಿದೂರ ಒಂದು, ಅತಿಸಾಮೀಪ್ಯ ಎರಡು, ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣದ ಹಾಗೆ. ಇಂದ್ರಿಯದ ದೋಷ, ಮನಸ್ಸಿನ ಅನವಧಾನ, ವಸ್ತುವಿನ ಸೂಕ್ಷ್ಮತೆ, ನಡುವಿನ ಅಡ್ಡಿ, ಹಗಲಿನಲ್ಲಿ ನಕ್ಷತ್ರ ಮರೆಯಾಗುವಂತೆ ಬಲವಾದುದರಿಂದ ಮರೆಯಾಗುವಿಕೆ, ತನ್ನಂತಹವೇ ಆದ ವಸ್ತುಗಳಲ್ಲಿ ಬೆರೆತುಹೋಗುವಿಕೆ, ಇವು ಮಿಕ್ಕ ಆರು. ನಾವು ಆ ಬೆಳಿಗ್ಗೆ ಅತಿದೂರವನ್ನು ನೀಗಿಕೊಳ್ಳಲು ಹೋಗಿ ಅತಿಸಾಮೀಪ್ಯದಲ್ಲಿ ಬಿದ್ದಿದ್ದೆವು. ಹಕ್ಕಿಯನ್ನು ನೋಡಲು ಹೋದವರು ಹಕ್ಕಿಯೇ ಇಲ್ಲದಂತೆ ಮಾಡಿ ಬಂದಿದ್ದೆವು.

ದೂರದಲ್ಲಿಯೇ ನಿಂತು ನೋಡುವ ಸಾಧನ ಬೇಕೆಂದು ಅಂದೇ ನಿಶ್ಚಯಿಸಿದೆವು. ನಮ್ಮ ಸೋದರಳಿಯನಾದರೋ ಅವಸರಪಡಲು ಬಿಡಲಿಲ್ಲ. “ಮಾವ, ಪ್ರತಿಯೊಂದು ಚಿತ್ರದಲ್ಲಿಯೂ ಅದನ್ನು ಎಷ್ಟು ಮಿಲಿಮೀಟರಿನಲ್ಲಿ ತೆಗೆದಿರಿ ಎಂಬುದನ್ನು ಕ್ಯಾಮೆರಾ ತಾನೇ ಬರೆದಿಟ್ಟಿರುತ್ತದೆ. ಆ ಲೆಕ್ಕವನ್ನು ನೋಡಿ. ಹೆಚ್ಚಿನವು 55ರಲ್ಲಿದ್ದರೆ ನಿಮಗೆ ಉದ್ದನೆಯ ಲೆನ್ಸು ಬೇಕು. 18ರಲ್ಲಿದ್ದರೆ ಬೇಕಾದದ್ದು ಬೇರೆ. ಎಲ್ಲೆಲ್ಲಿಯೂ ಚದುರಿದ್ದರೆ ಇನ್ನೂ ಏನೂ ಬೇಡ” ಎಂದನು. ಮಕ್ಕಳ ಅಂಕಪಟ್ಟಿಯನ್ನು ತಯಾರಿಸಿದ ಕೈ ನಮ್ಮದು. ಒಂದು ಸಂಜೆ ಕುಳಿತು ಲೆಕ್ಕಹಾಕಿದೆವು. ಮನೆಯ ಚಿತ್ರಗಳನ್ನು ಬಿಟ್ಟು, ಹೊರಗೆ ತೆಗೆದ 212 ಚಿತ್ರಗಳಲ್ಲಿ 171 ಚಿತ್ರಗಳು 55ರಲ್ಲಿಯೇ ಇದ್ದವು. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾವು ಕಾಣೆವು. ಇದಕ್ಕೆ ಕಾಸಿನ ವೆಚ್ಚವೂ ಇಲ್ಲ.

ಈ ಅಂಕಿಗಳ ಅರ್ಥವನ್ನು ನಮ್ಮಂತಹ ಹೊಸಬರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇವೆ. ಗಾಜಿನ ಈ ಬಿಲ್ಲೆಗೆ ಕನ್ನಡದಲ್ಲಿ ಮಸೂರವೆನ್ನುವುದು ಅದು ಮಸೂರಬೇಳೆಯ ಆಕಾರದಲ್ಲಿರುವುದರಿಂದ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೂ ಅದೇ ಬೇಳೆಯೇ. ಅಂತಹ ಹಲವು ಬಿಲ್ಲೆಗಳನ್ನು ಕೊಳವೆಯಲ್ಲಿ ಜೋಡಿಸಿದರೆ ಕ್ಯಾಮೆರಾದ ಲೆನ್ಸು. ಅದರ ಮೇಲೆ ಬರೆದಿರುವುದು ನಾಭಿದೂರ. ಅದು ಹೆಚ್ಚಿದಷ್ಟೂ ದೂರದ ವಸ್ತು ದೊಡ್ಡದಾಗಿ ಕಾಣುತ್ತದೆ; ಅಷ್ಟೇ ಪ್ರಮಾಣದಲ್ಲಿ ನೋಟದ ಅಗಲ ಕಡಮೆಯಾಗುತ್ತದೆ. ಅದನ್ನು ಹಿಗ್ಗಿಸಿ ಕುಗ್ಗಿಸಲು ಬರುವ ಲೆನ್ಸಿಗೆ ಜೂಮ್ ಎಂದು ಹೆಸರು. ಹಾಗೆ ನೋಡಿದರೆ ನಮ್ಮ ಚಿಕ್ಕ ಲೆನ್ಸೂ ಜೂಮೇ. ಆದರೆ ಅದರ ಓಟ 55ಕ್ಕೆ ಮುಗಿಯುತ್ತದೆ. ನಮ್ಮ ಕ್ಯಾಮೆರಾದಲ್ಲಿ 18ಕ್ಕೆ ಸುಮಾರು 76 ಡಿಗ್ರಿಯಷ್ಟು ಅಗಲದ ನೋಟ ಸಿಕ್ಕಿದರೆ, 55ಕ್ಕೆ ಸುಮಾರು 29, 300ಕ್ಕೆ 5 ಡಿಗ್ರಿಯ ಆಸುಪಾಸು ಮಾತ್ರ. ಚಂದ್ರಬಿಂಬದ ಅಗಲ ಅರ್ಧ ಡಿಗ್ರಿಯಷ್ಟೆ. ಹತ್ತು ಚಂದ್ರರನ್ನು ಸಾಲಾಗಿಟ್ಟಷ್ಟು ಕಿಂಡಿಯಲ್ಲಿ ಲೋಕವನ್ನು ನೋಡಿದಂತೆ. 55ರಲ್ಲಿ ಅವರೆಕಾಳಾಗಿದ್ದ ಹಕ್ಕಿ 300ರಲ್ಲಿ ಐದೂವರೆ ಪಾಲು ದೊಡ್ಡದಾಗುತ್ತದೆ.

ಹೊಸ ಲೆನ್ಸಿನ ಬೆಲೆಯನ್ನು ವಿಚಾರಿಸಿದಾಗ ಪಿಂಚಣಿಯವರ ಉತ್ಸಾಹ ತಣ್ಣಗಾಯಿತು. ಆದರೆ ಈಗ ಕ್ಯಾಮೆರಾಗಳ ಲೋಕದಲ್ಲಿ ಒಳಗೆ ಕನ್ನಡಿಯಿಲ್ಲದ ಹೊಸ ಮಾದರಿಗಳಿಗೆ ಮನ್ನಣೆ ಹೆಚ್ಚಿ, ಕನ್ನಡಿಯಿರುವ ಹಳೆಯ ಮಾದರಿಗಳನ್ನು ಜನ ಮಾರಿಬಿಡುತ್ತಿದ್ದಾರೆ. ಅವರ ಅವಸರ ನಮ್ಮಂತಹವರಿಗೆ ಅನುಕೂಲ. ಮನೆಯಲ್ಲಿ ಈ ಮಾತೆತ್ತಿದಾಗ ನಮ್ಮ ಗೃಹಿಣಿಯು, “ಹಳೆಯ ಕಂಚಿನ ಪಾತ್ರೆ ಕೊಳ್ಳುವಾಗ ಬಡಿದು ನೋಡಿ, ಬೆಳಕಿಗೆ ಹಿಡಿದು ನೋಡಿ ತರುವುದಿಲ್ಲವೆ? ಹಾಗೆ ನೋಡಿ ತನ್ನಿ. ಅಂಗಡಿಯವನು ಹೊಗಳಿದನೆಂದು ತರಬೇಡಿ” ಎಂದು ಅಪ್ಪಣೆ ಕೊಟ್ಟಳು.

2024ನೆಯ ನವೆಂಬರಿನಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಬಹು ಅಗ್ಗವಾದ 70–300ರ ಲೆನ್ಸೊಂದು ಕಣ್ಣಿಗೆ ಬಿದ್ದಿತು. ಕೈ ಆಗಲೇ ಜೇಬಿಗೆ ಹೋಗಿತ್ತು. ಅಂಗಡಿಯ ತರುಣನು ನಮ್ಮ ಕ್ಯಾಮೆರಾವನ್ನು ನೋಡಿ, “ಇದು ನಿಮಗೆ ಆಗೋದಿಲ್ಲ ಸಾರ್” ಎಂದನು. ಕಾರಣ ಹೀಗೆ: ನಿಕಾನಿನ ಹಳೆಯ ಲೆನ್ಸುಗಳಲ್ಲಿ ಎಎಫ್ ಎಂದಷ್ಟೇ ಗುರುತಿರುವವುಗಳಿಗೆ ತಮ್ಮದೇ ಆದ ಮೋಟಾರು ಇಲ್ಲ; ಕ್ಯಾಮೆರಾದ ಮೋಟಾರು ಅವುಗಳನ್ನು ತಿರುಗಿಸಬೇಕು. ಡಿ 3000, ಡಿ 5000 ಶ್ರೇಣಿಯ ಪ್ರಾರಂಭದ ಕ್ಯಾಮೆರಾಗಳಲ್ಲಿ ಆ ಮೋಟಾರನ್ನು ಇಟ್ಟಿಲ್ಲ. ಲೆನ್ಸು ಕೂರುತ್ತದೆ, ಚಿತ್ರವೂ ಬರುತ್ತದೆ. ಆದರೆ ತಾನಾಗಿ ಗುರಿಹಿಡಿಯುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಹಾರುವ ಹಕ್ಕಿಗೆ ಅದು ಹೊಸಬರ ಕೈಲಾಗದು. ಎಎಫ್-ಎಸ್ ಎಂದು ಬರೆದಿರುವುದನ್ನು ಕೊಳ್ಳಬೇಕು. ಮಾರಬಹುದಾದದ್ದನ್ನು ಬೇಡವೆಂದು ಹೇಳಿದ ಆ ತರುಣನ ಮೇಲೆ ನಮಗೆ ವಿಶ್ವಾಸ ಹುಟ್ಟಿತು.

ಅವನು ತೋರಿಸಿದ ಎರಡನೆಯ ಲೆನ್ಸಿನ ಹಿಂದೆ ಮೊಬೈಲಿನ ದೀಪ ಹಿಡಿದು ಒಳಗೆ ನೋಡೆಂದನು. ಬಿಲ್ಲೆಯ ಅಂಚಿನಲ್ಲಿ ಜೇಡರಬಲೆಯಂತಹ ಎಳೆಗಳು. ಅದು ಬೂಷ್ಟು. ತೇವವಿರುವ ಕಡೆ ಚೀಲದಲ್ಲಿ ಮುಚ್ಚಿಟ್ಟ ಲೆನ್ಸುಗಳಿಗೆ, ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಹಿಡಿಯುವಂತೆ, ಹಿಡಿಯುತ್ತದೆ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ; ಅವು ಚಿತ್ರದಲ್ಲಿ ಕಾಣುವುದಿಲ್ಲ. ಬೂಷ್ಟಿದ್ದರೆ ಅಗ್ಗವೆಂದು ಮರುಳಾಗಬಾರದು. ಮುಂಬಳೆ ನೆಗ್ಗಿದ್ದರೆ ಎಲ್ಲಿಯೋ ಬಿದ್ದಿದೆಯೆಂದು ತಿಳಿಯಬೇಕು. ಜೂಮಿನ ಬಳೆ ಕಿರುಗುಟ್ಟದೆ, ಎಲ್ಲಿಯೂ ತಡೆಯದೆ ತಿರುಗಬೇಕು. ಹತ್ತಿರದ ವಸ್ತುವಿಗೊಮ್ಮೆ ದೂರದ ವಸ್ತುವಿಗೊಮ್ಮೆ ಗುರಿಹಿಡಿಸಿ ನೋಡಬೇಕು. ಅಂಗಡಿಯ ಹೊರಗೆ ಬಂದು ನಾಲ್ಕಾರು ಚಿತ್ರ ತೆಗೆದು, ಮೂಲೆಗಳನ್ನೂ ಹಿಗ್ಗಿಸಿ ಪರೀಕ್ಷಿಸಬೇಕು. ಬಿಲ್ಲಿನಲ್ಲಿರುವ ಸಂಖ್ಯೆಯೂ ಲೆನ್ಸಿನ ಮೇಲಿನ ಸಂಖ್ಯೆಯೂ ಒಂದೇ ಆಗಿರಬೇಕು.

ಆ ದಿನ ಬರಿಗೈಯಲ್ಲಿ ಹಿಂತಿರುಗಿದೆವು. ಮೂರು ವಾರಗಳ ಮೇಲೆ ಅವನೇ ಫೋನು ಮಾಡಿದನು. ಈ ಸಲ ಸಿಕ್ಕಿದ್ದು 55–300. ಅರ್ಧ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಕ. ಕೈನಡುಕವನ್ನು ತಡೆಯುವ ಏರ್ಪಾಡು ಒಳಗೇ ಉಂಟು. ಬೆಳಕಿಗೆ ಹಿಡಿದಾಗ ಒಳಗೆ ತಿಳಿಯಾಗಿತ್ತು. ಹೊರಮೈಯಲ್ಲಿ ಉಜ್ಜಿ ಬೆಳ್ಳಗಾದ ಒಂದು ಗೆರೆ. ಹಿಂದಿನವರಾರೋ ಅದನ್ನು ಬಹಳ ತಿರುಗಿಸಿದ್ದಾರೆ. ಎಂಟೂವರೆ ಸಾವಿರ ರೂಪಾಯಿಗೆ ಕೊಂಡು ತಂದೆವು. ನಮ್ಮ ಗೃಹಿಣಿಯು ತಾನೂ ಒಮ್ಮೆ ದೀಪ ಹಿಡಿದು ನೋಡಿದ ಮೇಲೆಯೇ ಅದು ಮನೆಯ ವಸ್ತುವೆನ್ನಿಸಿತು. ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆಗೆ ಅದಕ್ಕೆ ಈಗ ವಾಸ.

ಲೆನ್ಸು ಬಂದಿತು, ಚಿತ್ರ ಬರಲಿಲ್ಲ! ಕುಕ್ಕರಹಳ್ಳಿಯ ಕೆರೆಯ ಏರಿಯ ಮೇಲೆ ಮೊದಲ ವಾರ ತೆಗೆದ ಹಕ್ಕಿಗಳೆಲ್ಲ ಮಂಜಿನಲ್ಲಿ ಕುಳಿತಂತಿದ್ದವು. ಮೋಸಹೋದೆವೆಂದೇ ಭಾವಿಸಿದೆವು. ಸೋದರಳಿಯನು ಚಿತ್ರಗಳನ್ನು ನೋಡಿ ನಕ್ಕನು. ದೂರದ ವಸ್ತುವನ್ನು ದೊಡ್ಡದು ಮಾಡುವ ಲೆನ್ಸು ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಚಿಕ್ಕ ಲೆನ್ಸಿನಲ್ಲಿ ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ತೆಗೆದರೂ ನಡೆಯುತ್ತಿತ್ತು. 300ರಲ್ಲಿ 500ನೆಯ ಒಂದು ಭಾಗಕ್ಕಿಂತ ನಿಧಾನವಾದರೆ ಹೊಸಬರ ಚಿತ್ರ ಕೆಡುತ್ತದೆ. ನಡುಕ ತಡೆಯುವ ಏರ್ಪಾಡು ನಮ್ಮ ಕೈಯನ್ನು ತಡೆಯಬಲ್ಲುದೇ ಹೊರತು ಹಕ್ಕಿಯ ಕತ್ತನ್ನು ಹಿಡಿದು ನಿಲ್ಲಿಸಲಾರದು. ಬೇಗ ತೆಗೆಯಬೇಕಾದರೆ ಬೆಳಕು ಸಾಲದು. ಆಗ ಐಎಸ್ಒ ಎಂಬ ಅಂಕಿಯನ್ನು 400ಕ್ಕೋ 800ಕ್ಕೋ ಏರಿಸಬೇಕು. ಬಿಳಿಯ ಆಕಾಶದ ಮುಂದೆ ಕುಳಿತ ಹಕ್ಕಿ ಕಪ್ಪಾಗುತ್ತದೆ. ಅದು ಈಶ್ವರಕೃಷ್ಣನ ಏಳನೆಯ ಕಾರಣ. ಅದಕ್ಕೆ ಕ್ಯಾಮೆರಾದಲ್ಲಿ ಬೆಳಕನ್ನು ಒಂದು ಪಟ್ಟು ಹೆಚ್ಚಿಸಿಕೊಳ್ಳಬೇಕು. ಮುಂದೆ ಕೊಂಬೆ ಅಡ್ಡವಿದ್ದರೆ ಲೆನ್ಸು ಕೊಂಬೆಗೇ ಗುರಿಹಿಡಿಯುತ್ತದೆ; ಅದು ಆರನೆಯ ಕಾರಣ, ಅದಕ್ಕೆ ನಾವೇ ಎರಡು ಹೆಜ್ಜೆ ಸರಿಯಬೇಕು. ನಾಲ್ಕನೆಯದಾದ ಅನವಧಾನಕ್ಕೆ ಮಾತ್ರ ಯಾವ ಅಂಗಡಿಯಲ್ಲಿಯೂ ಮದ್ದಿಲ್ಲ. ಮೂರು ತಿಂಗಳು ಕೆರೆಯೇರಿಯ ಮೇಲೆ ಪಾಠ ನಡೆಯಿತು.

2025ನೆಯ ಮಾರ್ಚಿನಲ್ಲಿ ಮತ್ತೆ ಬೆಳ್ಳೂರಿಗೆ ಹೋದೆವು. ಈ ಸಲ ಸೂರ್ಯನ ಬೆಳಕು ಇನ್ನೂ ಓರೆಯಾಗಿರುವಾಗಲೇ ಊರು ಮುಟ್ಟಿದೆವು. ನೆಟ್ಟಗೆ ಹೋದದ್ದು ಆ ತಾರಸಿಯ ಮನೆಗೆ. ಆಕೆ ಗುರುತು ಹಿಡಿದಳು. ಗುರುತು ಹಿಡಿಯದಿದ್ದರೆ ಚೆನ್ನಾಗಿತ್ತೆಂದು ನಮಗೆ ಅನ್ನಿಸಿದ್ದುಂಟು. “ಮೇಲಕ್ಕೆ ಹತ್ತುವುದಿಲ್ಲ ತಾಯಿ, ಇಲ್ಲಿಯೇ ಬೀದಿಯ ಆಚೆ ನಿಂತು ನೋಡುತ್ತೇವೆ” ಎಂದೆವು. “ನೋಡ್ಕಳಿ ಸ್ವಾಮಿ, ನೋಡಕ್ಕೇನು” ಎಂದು ಆಕೆ ಒಳಗೆ ಹೋದಳು.

ಬೀದಿಯ ಆಚೆಯ ಕಲ್ಲಿನ ಮೇಲೆ ಕುಳಿತು, ಮೊಣಕೈಗಳನ್ನು ಮೊಣಕಾಲಿಗೆ ಊರಿ, ಲೆನ್ಸನ್ನು ಪೂರ್ತಿ ಹಿಗ್ಗಿಸಿ ನೋಡಿದೆವು. ಹೆಜ್ಜಾರ್ಲೆಯ ಮೇಲುಕೊಕ್ಕಿನ ಉದ್ದಕ್ಕೂ ಸಾಲಾಗಿ ನೀಲಿಗಪ್ಪು ಚುಕ್ಕೆಗಳು. ಇಂಗ್ಲಿಷಿನವರು ಈ ಹಕ್ಕಿಗೆ ಚುಕ್ಕೆಗೊಕ್ಕಿನದೆಂದು ಹೆಸರಿಟ್ಟದ್ದು ಏಕೆಂದು ಆಗ ತಿಳಿಯಿತು. ಬಣ್ಣದ ಕೊಕ್ಕರೆಯ ಹಳದಿಯ ಕೊಕ್ಕು, ಗರಿಯಿಲ್ಲದ ಕಿತ್ತಳೆಯ ಮುಖ, ಬೆನ್ನಿನ ಕೊನೆಯಲ್ಲಿ ಹರಡಿದ ಗುಲಾಬಿ ಗರಿಗಳು. ಹೆಜ್ಜಾರ್ಲೆಯೊಂದು ಕೆರೆಯಿಂದ ಬಂದಿಳಿಯಿತು. ಮರಿ ಮುನ್ನುಗ್ಗಿ ತನ್ನ ತಲೆಯನ್ನೇ ತಾಯಿಯ ಕೊಕ್ಕಿನೊಳಕ್ಕೆ, ಕೊರಳಿನವರೆಗೆ ತೂರಿಸಿ ಮೀನನ್ನು ಹೆಕ್ಕಿ ತಿಂದಿತು. ಒಂದು ಗಂಟೆಯ ಹೊತ್ತು ನಾವಿದ್ದೆವು. ಒಂದು ಹಕ್ಕಿಯೂ ಎದ್ದು ನಿಲ್ಲಲಿಲ್ಲ. ನಮ್ಮ ಕಡೆಗೆ ತಿರುಗಿಯೂ ನೋಡಲಿಲ್ಲ. ಆ ಅನಾದರದಿಂದ ನಮಗೆ ಆದಷ್ಟು ಸಂತೋಷ ಯಾವ ಸಭೆಯ ಹಾರತುರಾಯಿಗಳಿಂದಲೂ ಆಗಿರಲಿಲ್ಲ. ಎಂಟೂವರೆ ಸಾವಿರಕ್ಕೆ ನಾವು ಕೊಂಡದ್ದು ಹಕ್ಕಿಯ ಸಾಮೀಪ್ಯವೆಂದು ತಿಳಿದಿದ್ದೆವು. ಕೊಂಡದ್ದು ದೂರ ನಿಲ್ಲುವ ಅನುಕೂಲವೆಂದು ಅಂದು ತಿಳಿಯಿತು.

ಆಕೆ ಹೊರಗೆ ಬಂದಾಗ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದೆವು. ಒಂದೊಂದನ್ನೂ ಬಹಳ ಹೊತ್ತು ನೋಡಿದಳು. ಮರಿಯ ಚಿತ್ರಕ್ಕೆ ನಕ್ಕಳು. ಎಲ್ಲ ನೋಡಿದ ಮೇಲೆ, “ಹಕ್ಕಿ ಚೆಂದಾಗೈತೆ ಸ್ವಾಮಿ. ಇದ್ರಲ್ಲಿ ನಮ್ಮೂರೆಲ್ಲೈತೆ?” ಎಂದಳು.

ನಾವು ಚಿತ್ರಗಳನ್ನು ಮತ್ತೊಮ್ಮೆ ನೋಡಿದೆವು. ಹೌದು. ಹಕ್ಕಿ, ಗೂಡು, ನಾಲ್ಕು ಕೊಂಬೆ, ಆಕಾಶ. ಇದನ್ನು ಯಾವ ಕಾಡಿನಲ್ಲಾದರೂ ತೆಗೆಯಬಹುದಾಗಿತ್ತು. ಬೆಳ್ಳಗಾದ ಹಂಚಿಲ್ಲ, ಗೊಬ್ಬರದ ಗುಂಡಿಯಿಲ್ಲ, ಎತ್ತಿಲ್ಲ, ಮೊರವಿಲ್ಲ. ಯಾವ ಕಾರಣಕ್ಕಾಗಿ ಈ ಹಕ್ಕಿಗಳು ಇಲ್ಲಿ ಬದುಕಿವೆಯೋ ಆ ಕಾರಣವನ್ನೇ ನಮ್ಮ ದೊಡ್ಡ ಲೆನ್ಸು ಅಂಚಿನಿಂದ ಆಚೆಗೆ ತಳ್ಳಿಬಿಟ್ಟಿತ್ತು. ಅತಿಸಾಮೀಪ್ಯವೆಂಬ ದೋಷ ಕಾಲಿನಿಂದ ಮಾತ್ರವಲ್ಲ, ಗಾಜಿನಿಂದಲೂ ಬರುತ್ತದೆ.

ಗಾಳಿಗೆ ಬೆನ್ನುಮಾಡಿ, ಒಳಗೆ ಧೂಳು ಹೋಗದಂತೆ ಕ್ಯಾಮೆರಾದ ಮುಖವನ್ನು ಕೆಳಕ್ಕೆ ಹಿಡಿದು, ದೊಡ್ಡ ಲೆನ್ಸನ್ನು ಬಿಚ್ಚಿ ಚೀಲದಲ್ಲಿದ್ದ ಚಿಕ್ಕದನ್ನು ಹಾಕಿದೆವು. ಅದನ್ನು ಮಾರಿಬಿಡಬೇಕೆಂದು ಒಮ್ಮೆ ಯೋಚಿಸಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. “ತಾಯಿ, ನೀವು ನಿಮ್ಮ ಕೆಲಸ ಮಾಡುತ್ತಿರಿ” ಎಂದು ಕೇಳಿಕೊಂಡೆವು. ಆಕೆ ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದಳು. ಹುಡುಗನು ಮೆಟ್ಟಿಲ ಮೇಲೆ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದನು. ಅವರ ತಲೆಯ ಮೇಲೆ ಹುಣಸೆ. ಹುಣಸೆಯ ಮೇಲೆ ಅವರೆಕಾಳಿನ ಗಾತ್ರದ ಹದಿನಾಲ್ಕು ಹಕ್ಕಿಗಳು. 24 ಮಿಲಿಮೀಟರಿನಲ್ಲಿ ಒಂದು ಚಿತ್ರ ತೆಗೆದೆವು.

ಬೆಳ್ಳೂರಿಗೆ ಹೋಗಬೇಕೆಂದಿರುವ ವಾಚಕರಿಗೆ ಒಂದು ಮಾತು. ಜನವರಿಯಿಂದ ಏಪ್ರಿಲಿನವರೆಗೆ ಹೋದರೆ ಗೂಡುಗಳನ್ನೂ ಮರಿಗಳನ್ನೂ ಕಾಣಬಹುದು. ಬೆಳಿಗ್ಗೆ ಬೇಗ ಹೋಗಿರಿ. ತಲೆಗೊಂದು ಟೋಪಿಯೋ ಕೊಡೆಯೋ ಇರಲಿ, ಮೇಲಿನವರು ಹೇಳಿ ಕೇಳಿ ಮಾಡುವವರಲ್ಲ. ಯಾರ ಮನೆಯ ತಾರಸಿಯನ್ನೂ ಹತ್ತಬೇಡಿ. ಪ್ರತಿವರ್ಷವೂ ಹಕ್ಕಿಗಳು ಒಂದೇ ಸಂಖ್ಯೆಯಲ್ಲಿ ಬರುವುದಿಲ್ಲ. ಮಳೆ, ಕೆರೆ, ಮೀನು, ನಿಂತಿರುವ ಮರ, ಎಲ್ಲವೂ ಕೂಡಿಬರಬೇಕು. 2017–18ರ ಋತುವಿನಲ್ಲಿ ಅನೇಕ ಹೆಜ್ಜಾರ್ಲೆಗಳು ಅಲ್ಲಿ ಸತ್ತದ್ದೂ ಉಂಟು. ಮುಂದಿನ ವರ್ಷವೂ ಇರುತ್ತವೆಂದು ಲಘುವಾಗಿ ಎಣಿಸುವಂತಹ ಅತಿಥಿಗಳಲ್ಲ ಇವು. ಕ್ಯಾಮೆರಾವಿರುವವರು ಎರಡು ಲೆನ್ಸುಗಳನ್ನೂ ಒಯ್ಯಿರಿ. ಒಂದೇ ಇರುವವರು ಇರುವುದನ್ನೇ ಒಯ್ಯಿರಿ. ಊರಂತೂ ಅದರಲ್ಲಿ ಸಿಕ್ಕುತ್ತದೆ.

ಆ ಚಿತ್ರವನ್ನು ಮೈಸೂರಿನಲ್ಲಿ ದೊಡ್ಡದಾಗಿ ಅಚ್ಚುಹಾಕಿಸಿ ಆಕೆಗೆ ಅಂಚೆಯಲ್ಲಿ ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ಹುಡುಗನು ಫೋನು ಮಾಡಿ, ಚಿತ್ರ ತಲುಪಿತೆಂದೂ, ದೇವರ ಪಟದ ಪಕ್ಕದಲ್ಲಿ ಹಾಕಿದ್ದಾರೆಂದೂ ಹೇಳಿದನು. ಹಿಂದಿನಿಂದ ತಾಯಿ ಏನೋ ಹೇಳಿದ್ದು ಕೇಳಿಸಿತು. ಏನೆಂದು ವಿಚಾರಿಸಿದೆವು. “ಮಕ್ಕಳು ತವರುಮನೇಲಿ ಕುಂತಂಗೆ ಬಂದವೆ ಅಂತವ್ಳೆ ನಮ್ಮವ್ವ” ಎಂದನು.